ಸ್ಪ್ರೇ ಗನ್ ತೊಳೆಯಲು ಯಾವ ಥಿನ್ನರ್?

ಸಾಗರದ ಫರ್ನಿಚರ್ ಶೆಡ್: ಒಂದೇ ಗನ್‌ನಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಸೀಲರ್ ಅಂದರೆ ಮರಕ್ಕೆ ಮೊದಲು ಹೊಡೆಯುವ ಕೋಟ್, ಮೆಲಮೈನ್ ಪಾಲಿಶ್, ಹಾರ್ಡನರ್ (ಗಟ್ಟಿ ಮಾಡುವ ದ್ರವ) ಬೆರೆಸಿ ಹೊಡೆಯುವ ಪಿಯು (ಪಾಲಿಯುರಿಥೇನ್) ಪಾಲಿಶ್ ಎಲ್ಲಾ ಹೊಡೆಯುತ್ತೇವೆ. ಪಿಯು ಥಿನ್ನರ್ ದುಬಾರಿ. ತೊಳೆಯಲು ಅಗ್ಗದ ಎನ್‌ಸಿ ಥಿನ್ನರ್ ಸಾಕಾ? ಪೆಟ್ರೋಲ್ ಆದರೂ ನಡೆಯುತ್ತದೆ ಅನ್ನುವವರೂ ಇದ್ದಾರೆ.

ತೀರ್ಥಹಳ್ಳಿ ಪಾಲಿಶ್: ಪೆಟ್ರೋಲ್ ಮಾತೇ ಬೇಡ ಮಾರಾಯ್ರೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ಕಂಪ್ರೆಸರ್ ಸ್ವಿಚ್ ತನಕ ಹೋಗುತ್ತದೆ. ಥಿನ್ನರ್ ಕೂಡ ಬೆಂಕಿಗೆ ಹತ್ತಿರದ್ದೇ, ಆದರೆ ಅದು ಸೀಲರನ್ನು ಕರಗಿಸುತ್ತದೆ. ಎನ್‌ಸಿ ಥಿನ್ನರ್ ಸಾಕು.

ಶಿವಮೊಗ್ಗ ಪಿಯು: ಅರ್ಧ ಒಪ್ಪುತ್ತೇನೆ ಅಣ್ಣ. ಎನ್‌ಸಿ ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ. ಪಿಯು ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಅನ್ನುವ ರಾಸಾಯನಿಕ ಆಲ್ಕೋಹಾಲ್ ಜೊತೆಗೂ ನೀರಿನ ಜೊತೆಗೂ ವರ್ತಿಸುತ್ತದೆ. ಆ ಥಿನ್ನರ್ ಗನ್‌ನಲ್ಲಿ ಉಳಿದರೆ ಹಾರ್ಡನರ್‌ನ ಒಂದು ಪಾಲು ಸುಮ್ನೆ ಅದಕ್ಕೇ ಖರ್ಚಾಗುತ್ತದೆ.

ತೀರ್ಥಹಳ್ಳಿ ಪಾಲಿಶ್: ಉಳಿಯುವುದು ನಾಲ್ಕು ಹನಿ, ಗಾಳಿ ಹೊಡೆದರೆ ಅದೂ ಹೋಗುತ್ತದೆ. ಎಲ್ಲದಕ್ಕೂ ಪಿಯು ಥಿನ್ನರ್ ಅಂದರೆ ಸಣ್ಣ ಶೆಡ್‌ನವರು ಏನು ಮಾಡಬೇಕು?

ಶಿವಮೊಗ್ಗ ಪಿಯು: ಎಲ್ಲದಕ್ಕೂ ಅನ್ನಲಿಲ್ಲ. ಮೊದಲೆರಡು ಸಲ ಎನ್‌ಸಿ ಥಿನ್ನರ್. ಕೊನೆಗೆ ಸಣ್ಣ ಲೋಟದಷ್ಟು ಪಿಯು ಥಿನ್ನರ್ ಹಾಕಿ ಹೊಡೆದು ಖಾಲಿ ಮಾಡಿ. ಸೀಲರ್ ತೊಳೆದ ಥಿನ್ನರನ್ನು ಡಬ್ಬಿಯಲ್ಲಿ ಬಿಟ್ಟರೆ ಗಷ್ಟು ತಳ ಸೇರುತ್ತದೆ. ಮೇಲಿನ ತಿಳಿಯೇ ಮುಂದಿನ ಸಲದ ಮೊದಲ ತೊಳೆತಕ್ಕೆ ಆಗುತ್ತದೆ. ಪಿಯು ತೊಳೆದದ್ದನ್ನು ಮಾತ್ರ ಅದಕ್ಕೆ ಸೇರಿಸಬೇಡಿ. ಪಿಯು ತೊಳೆದದ್ದಕ್ಕೆ ನೀರು ಬಿದ್ದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ಬಿಗಿ ಮುಚ್ಚಿದ ಡಬ್ಬಿ ಉಬ್ಬುತ್ತದೆ.

ತೀರ್ಥಹಳ್ಳಿ ಪಾಲಿಶ್: ಒಂದು ಲೋಟ ಅಂದರೆ ಸರಿ, ಅಷ್ಟು ಖರ್ಚು ಮಾಡಬಹುದು.

ಕೊಪ್ಪದಿಂದ: ಅಸಿಟೋನ್ ಬಳಸುವವರು ಮಳೆಗಾಲದಲ್ಲಿ ಜೋಪಾನ. ಅದು ಎಷ್ಟು ಬೇಗ ಆರುತ್ತದೆ ಅಂದರೆ ಗನ್ ಕೈಗೆ ತಣ್ಣಗೆ ತಾಗುತ್ತದೆ. ಜುಲೈ ತಿಂಗಳ ನಮ್ಮ ಗಾಳಿಯಲ್ಲಿ ಆ ತಣ್ಣನೆ ಲೋಹದ ಮೇಲೆ ನೀರು ಕೂರುತ್ತದೆ. ಹಾಗೇ ಪಿಯು ತುಂಬಿದರೆ ಗುಳ್ಳೆ ಏಳುತ್ತದೆ. ಕಂಪ್ರೆಸರ್ ಟ್ಯಾಂಕಿನ ನೀರು ಬಿಟ್ಟು, ಒಣ ಗಾಳಿ ಹೊಡೆದು ಆಮೇಲೆ ತುಂಬಿ.

ಸಾಗರದ ಫರ್ನಿಚರ್ ಶೆಡ್: ರಾತ್ರಿಯಿಡೀ ಗನ್ ಥಿನ್ನರ್‌ನಲ್ಲಿ ಮುಳುಗಿಸಿಡಬಹುದಾ?

ತೀರ್ಥಹಳ್ಳಿ ಪಾಲಿಶ್: ಖಂಡಿತ ಬೇಡ. ಒಳಗಿನ ಪ್ಯಾಕಿಂಗ್, ರಬ್ಬರ್ ವಾಷರ್ ಉಬ್ಬುತ್ತವೆ, ಆಮೇಲೆ ಸೂಜಿಯ ಹತ್ತಿರ ಲೀಕ್. ಸೂಜಿ, ನಾಜಲ್, ಏರ್ ಕ್ಯಾಪ್ ಬಿಚ್ಚಿ ಅವಷ್ಟನ್ನೇ ನೆನೆಸಿ. ಏರ್ ಕ್ಯಾಪಿನ ಎರಡೂ ಬದಿ ಮುಂದೆ ಚಾಚಿದ ಕೊಂಬಿನ ತೂತಿಗೆ ತಂತಿ ಹಾಕಬೇಡಿ, ಬಿದಿರಿನ ಕಡ್ಡಿ ಸಾಕು. ಒಂದು ಕೊಂಬಿನ ತೂತು ಕಟ್ಟಿದರೂ ಸ್ಪ್ರೇ ಬಾಗಿ ಬಾಳೆಹಣ್ಣಿನ ಆಕಾರಕ್ಕೆ ಬರುತ್ತದೆ, ಬೀಟೆ ಟೇಬಲ್ ಮೇಲೆ ಪಟ್ಟೆ ಬೀಳುತ್ತದೆ.

ಕೊಪ್ಪದಿಂದ: ವಾಟರ್ ಬೇಸ್ (ನೀರು ಆಧಾರದ) ಪಾಲಿಶ್ ಹೊಡೆದಿದ್ದರೆ ಮೊದಲು ನೀರಿನಲ್ಲಿ ತೊಳೆಯಿರಿ. ನೇರ ಥಿನ್ನರ್ ಹಾಕಿದರೆ ಒಳಗೇ ಗಟ್ಟಿ ಕಟ್ಟುತ್ತದೆ.

ಸಾಗರದ ಫರ್ನಿಚರ್ ಶೆಡ್: ಪಿಯು ಒಣಗಿ ಕಲ್ಲಾಗಿದ್ದರೆ? ಅಂಗಡಿಯಲ್ಲಿ ಪೇಂಟ್ ರಿಮೂವರ್ ಕೊಟ್ಟಿದ್ದಾರೆ.

ಶಿವಮೊಗ್ಗ ಪಿಯು: ಡಬ್ಬಿ ಓದಿ ನೋಡಿ. ಮೀಥೈಲೀನ್ ಕ್ಲೋರೈಡ್ ಇದ್ದರೆ ಅಲ್ಯೂಮಿನಿಯಂ ಕಪ್ಪಿಗೂ ಗನ್ನಿಗೂ ತಾಗಿಸಬೇಡಿ. ಮೀಥೈಲೀನ್ ಕ್ಲೋರೈಡೂ ಅಲ್ಯೂಮಿನಿಯಂ ಕೂಡ ಸೇರಿದರೆ ಸಿಡಿಯುವ ಅಪಾಯ ಇದೆ. ಹಾರ್ಡನರ್ ಬೆರೆತ ಪಿಯು ಒಣಗುವ ಮೊದಲೇ ತೊಳೆಯಬೇಕು, ಊಟಕ್ಕೆ ಏಳುವ ಮುಂಚೆಯೇ. ತೊಳೆದ ಗಷ್ಟನ್ನು ಬಾವಿ ಕಡೆ, ಚರಂಡಿ ಕಡೆ ಚೆಲ್ಲಬೇಡಿ.