ಸಹಾಯ ಬೇಕು: ಕೊಕ್ಕರೆ ಬೆಳ್ಳೂರಿಗೆ ಮಕ್ಕಳೊಂದಿಗೆ ಬರುವಿರಾ?

ನಮಸ್ಕಾರ. ನಾನು ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ, ಇಕೋ ಕ್ಲಬ್ ನನ್ನ ಜವಾಬ್ದಾರಿ. ಫೆಬ್ರವರಿಯಲ್ಲಿ 30 ಮಕ್ಕಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯುತ್ತಿದ್ದೇನೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ, ಅಂದರೆ ಊರಿನವರೂ ಸೇರಿ ಹಕ್ಕಿಗಳನ್ನು ಕಾಪಾಡುವ ತಾಣವಾದ ಊರದು. ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕಳೆದ ವರ್ಷ ಗೂಡಿನಿಂದ ಬಿದ್ದ ಮರಿಯೊಂದಕ್ಕೆ ಊರಿನವರು ಮೀನು ತಿನ್ನಿಸುತ್ತಿದ್ದರು. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗನೊಬ್ಬ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, "ಸಂಜೆಗೂ ಇದಕ್ಕೆ ಮೀನು ಸಿಗುತ್ತದೆಯೇ?" ಎಂದು ಕೇಳಿದ. ಆ ದನಿ ಇನ್ನೂ ಕಿವಿಯಲ್ಲಿದೆ.

ನಮ್ಮಲ್ಲಿರುವುದು ಒಂದೇ ಬೈನಾಕ್ಯುಲರ್. ಹಳೆಯದಾದರೂ ಸರಿ, ನಾಲ್ಕೈದನ್ನು ಒಂದು ದಿನದ ಮಟ್ಟಿಗೆ ಎರವಲು ಕೊಡುವಿರಾ? ಹಕ್ಕಿಗಳ ಬಗ್ಗೆ ಕನ್ನಡದಲ್ಲೇ ಹೇಳಬಲ್ಲವರು ಜೊತೆಗೆ ಬಂದರಂತೂ ಮಕ್ಕಳಿಗೆ ಹಬ್ಬ. ಊಟ, ಬಸ್ ವ್ಯವಸ್ಥೆ ನಮ್ಮದು. ದಯವಿಟ್ಟು ಇಲ್ಲೇ ತಿಳಿಸಿ.