ಹವಾಲ್ದಾರರ ರಿಪೋರ್ಟ್ ಬರೆಯುವ ಮುಂಚೆ ಅವರಿಗೆ ಎಷ್ಟು ಹೇಳಬೇಕು?

ಹುಬ್ಬಳ್ಳಿ_ಮೇಜರ್, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಪೋಸ್ಟಿಂಗ್ ಮೇಲೆ ಇದ್ದೇನೆ. ಒಂದು ಕಂಪನಿ ನನ್ನ ಕೈಯಲ್ಲಿದೆ. ಯಾವ ಯೂನಿಟ್ ಅಂತ ದಯವಿಟ್ಟು ಕೇಳಬೇಡಿ. ಇಲ್ಲಿ ನಿವೃತ್ತ ಜೆಸಿಒಗಳು (ಹವಾಲ್ದಾರರಿಗೂ ಆಫೀಸರ್‌ಗಳಿಗೂ ನಡುವಿನ ದರ್ಜೆಯವರು) ತುಂಬಾ ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಕಂಪನಿಯಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹವಾಲ್ದಾರ್ ಇದ್ದಾರೆ. ಕಂಪನಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ರೇಂಜ್ ಮೇಲೆ ಅವರಿಗೆ ಸಾಟಿ ಇಲ್ಲ. ಯಾವ ಹುಡುಗ ಟ್ರಿಗರ್ ಎಳೆಯುವಾಗ ಹೆಗಲು ಅಲುಗಿಸುತ್ತಾನೆ ಅಂತ ಹಿಂದೆ ನಿಂತೇ ಹೇಳಿಬಿಡುತ್ತಾರೆ. ಆದರೆ ಎರಡು ಕೊರತೆ ಇವೆ. ಕ್ಲಾಸ್ ತೆಗೆದುಕೊಳ್ಳಿ ಅಂದರೆ ತಯಾರಿ ಇರುವುದಿಲ್ಲ, ಲೆಸನ್ ಪ್ಲಾನ್ ಬೇರೆಯವರದ್ದನ್ನು ನಕಲು ಮಾಡಿ ತರುತ್ತಾರೆ. ಇನ್ನೊಂದು, ಹೊಸ ಹುಡುಗರ ಮೇಲೆ ಬಾಯಿ ಜೋರು. ಈಗ ಅವರ ಮುಂದೆ ಯಾವ ಹುಡುಗನೂ ಪ್ರಶ್ನೆ ಕೇಳುವುದಿಲ್ಲ.

ಅವರ ಎಸಿಆರ್‌ಗೆ, ಅಂದರೆ ವರ್ಷದ ಗೋಪ್ಯ ರಿಪೋರ್ಟ್‌ಗೆ, ಇನಿಶಿಯೇಟಿಂಗ್ ಆಫೀಸರ್ ನಾನೇ, ಮೊದಲು ಬರೆಯುವವನು. ಅವರು ಬಡ್ತಿ ಪಡೆದು ನಾಯಬ್ ಸುಬೇದಾರ್ (ಜೆಸಿಒದ ಮೊದಲ ಮೆಟ್ಟಿಲು) ಆಗುವ ಸರದಿ ಹತ್ತಿರ ಬಂದಿದೆ. ಆಗ ಕಳೆದ 5 ರಿಪೋರ್ಟ್ ತೆಗೆದು ನೋಡುತ್ತಾರೆ. ಅವು ಕಡಿಮೆಯಾದರೆ ಅವರ ಹಿಂದಿನವರು ಮುಂದೆ ಹೋಗಬಹುದು. ಮೊನ್ನೆ ಸಂಜೆ ವಾನವಡಿ ಕಡೆ ವಾಕಿಂಗ್ ಹೋಗಿದ್ದಾಗ ಎದುರಿಗೆ ಸಿಕ್ಕರು. "ಸಾಬ್, ನಂದು ಈ ಸಲ ಹೆಂಗೈತ್ರಿ?" ಅಂದರು. ನಾನು "ನೋಡೋಣ" ಅಂದೆ. ಅದು ಉತ್ತರವಲ್ಲ ಅಂತ ಅವರಿಗೂ ಗೊತ್ತು.

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣ ಇದೆ. ಹಿಂದಿನ ಒಂದು ಪೋಸ್ಟಿಂಗ್‌ನಲ್ಲಿ ನನ್ನ ಸಿಒ (ಯೂನಿಟ್‌ನ ಮುಖ್ಯಸ್ಥರು) ವರ್ಷವಿಡೀ ಶಾಬಾಶ್ ಅಂದರು. ಕೊನೆಗೆ ಸಹಿಗೆ ಬಂದ ರಿಪೋರ್ಟ್‌ನಲ್ಲಿ ಬಾಕ್ಸ್, ಅಂದರೆ ಒಟ್ಟು ಗ್ರೇಡ್, 7. ಮಾತಿನಲ್ಲಿ ಬರೆಯುವ ಪೆನ್ ಪಿಕ್ಚರ್‌ನಲ್ಲಿ ಜೊತೆಯವರೊಂದಿಗೆ ಹೊಂದಾಣಿಕೆ ಸುಧಾರಿಸಬೇಕು ಅಂತ ಒಂದು ಸಾಲು. 9ರ ಅಳತೆಯಲ್ಲಿ 7 ಅಂದರೆ ಪುಸ್ತಕದ ಪ್ರಕಾರ ಅಬೋವ್ ಆವರೇಜ್. ಮೆಸ್‌ನಲ್ಲಿ ಹೇಳಿ ನೋಡಿ, ಯಾರೂ ಕೈ ಕುಲುಕುವುದಿಲ್ಲ. ಯಾರ ಜೊತೆ ಹೊಂದಾಣಿಕೆ, ಯಾವಾಗ ಕೆಟ್ಟಿತು, ಒಂದು ಮಾತೂ ಇಲ್ಲ. ಸಹಿ ಹಾಕಿ ಎದ್ದು ಬಂದೆ. ಅದರ ಮೇಲೆ ರಿವ್ಯೂಯಿಂಗ್ ಆಫೀಸರ್, ಸೀನಿಯರ್ ರಿವ್ಯೂಯಿಂಗ್ ಆಫೀಸರ್ ಏನು ಬರೆದರು ಅನ್ನುವುದು ನಮಗೆ ಕಾಣುವುದೇ ಇಲ್ಲ.

ಈ ಹವಾಲ್ದಾರರಿಗೆ ಹಾಗೆ ಮಾಡಲು ನನಗೆ ಮನಸ್ಸಿಲ್ಲ. ಗ್ರೇಡ್ ಹೇಳಬೇಕಾ? ಕೊರತೆ ಮಾತ್ರ ಹೇಳಬೇಕಾ? ಬಾಯಿಮಾತಿನಲ್ಲಿ ಸಾಕಾ, ಬರೆದು ಕೊಡಬೇಕಾ? ಕನ್ನಡದಲ್ಲಿ ಮಾತಾಡಿದರೆ ಹತ್ತಿರವಾಗುತ್ತೆ, ಆದರೆ ಉಳಿದವರು ಏನಂದುಕೊಳ್ಳುತ್ತಾರೆ?

ಹಿಂಜವಡಿ_ಹುಡುಗಿ

ಮೇಜರ್ ಸರ್, ನಾನು ಸೈನ್ಯದವಳಲ್ಲ, ಐಟಿ. ನಮ್ಮಲ್ಲಿ ಎರಡು ವಾರಕ್ಕೊಮ್ಮೆ ಮ್ಯಾನೇಜರ್ ಜೊತೆ ಮಾತುಕತೆ ಇರುತ್ತೆ. ಅಲ್ಲಿ ಎಲ್ಲಾ ಚೆನ್ನಾಗಿದೆ ಅಂತಾರೆ. ಏಪ್ರಿಲ್‌ನಲ್ಲಿ ಬೆಲ್ ಕರ್ವ್ (ಇಷ್ಟೇ ಜನಕ್ಕೆ ಮೇಲಿನ ರೇಟಿಂಗ್ ಅನ್ನೋ ಲೆಕ್ಕ) ತೋರಿಸಿ ರೇಟಿಂಗ್ ಇಳಿಸ್ತಾರೆ. ಹಾಗಾಗಿ ಜಾಸ್ತಿ ಸಲ ಮಾತಾಡಿದ ಮಾತ್ರಕ್ಕೆ ಸರಿಹೋಗುತ್ತೆ ಅಂತ ನನಗನ್ನಿಸಲ್ಲ.

ನಾನು ಎಚ್‌ಆರ್ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡ್ತೀನಿ, ಬೇರೆ ಬೇರೆ ಕಡೆಯ ಪದ್ಧತಿ ಓದ್ತಿರ್ತೀನಿ. ಅಮೆರಿಕದ ಸೈನ್ಯದಲ್ಲಿ ರಿಪೋರ್ಟ್ ಬೇರೆ, ತಿದ್ದಿ ಹೇಳುವ ಮಾತುಕತೆ ಬೇರೆ. ಆ ಮಾತುಕತೆಗೆ 4856 ಅನ್ನುವ ಪ್ರತ್ಯೇಕ ಫಾರ್ಮ್ ಇದೆ. ಏನು ಮಾತಾಡಿದೆವು, ಮುಂದೆ ಏನು ಮಾಡಬೇಕು ಎಲ್ಲಾ ಬರೀತಾರೆ. ಕೆಳಗಿನವರು ಒಪ್ಪಿದೆ ಅಥವಾ ಒಪ್ಪಲಿಲ್ಲ ಅಂತ ಗುರುತು ಹಾಕಿ ಸಹಿ ಮಾಡ್ತಾರೆ. ಆಫೀಸರ್‌ಗಳ ರಿಪೋರ್ಟ್‌ನಲ್ಲಿ ಎಲ್ಲರಿಗೂ ಮೇಲಿನ ಬಾಕ್ಸ್ ಕೊಡೋ ಹಾಗೂ ಇಲ್ಲ. ಒಂದು ರ‍್ಯಾಂಕ್‌ನಲ್ಲಿ ಅರ್ಧಕ್ಕಿಂತ ಕಮ್ಮಿ ಜನಕ್ಕೆ ಮಾತ್ರ. ನಿಮ್ಮಲ್ಲಿ ಅಂಥ ಮಿತಿ ಇದ್ದಿದ್ದರೆ ನಿಮ್ಮ 7ಕ್ಕೆ ಸ್ವಲ್ಪ ಬೆಲೆ ಇರ್ತಿತ್ತೇನೋ.

ದಿಘಿ_ಸುಬೇದಾರ್

ಮೇಜರ್ ಸಾಬ್, ಜೈ ಹಿಂದ್. ನಾನು ವಿಜಯಪುರದವನು. ಸುಬೇದಾರ್ ಮೇಜರ್ ಆಗಿ ನಿವೃತ್ತಿಯಾಗಿ ಇಲ್ಲೇ ದಿಘಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಈ ವಿಷಯದಲ್ಲಿ ಬಹಳ ಹೇಳುವುದಿದೆ, ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು, ಗ್ರೇಡ್ ಹೇಳಬೇಡಿ. ನೀವು ಅಬೋವ್ ಆವರೇಜ್ ಅಂತ ಹೇಳಿ, ಮೇಲೆ ಸಿಒ ಸಾಬ್ ಅದನ್ನು ಇಳಿಸಿದರೆ ನಿಮ್ಮ ಮಾತಿಗೆ ಆ ಕಂಪನಿಯಲ್ಲಿ ಕಿಮ್ಮತ್ತು ಉಳಿಯುವುದಿಲ್ಲ. ಗ್ರೇಡ್ ಮೇಲಿನವರ ಕೈ ದಾಟಿ ಹೋಗುವ ವಸ್ತು. ಕೊರತೆ ಹಾಗಲ್ಲ. ಅದನ್ನು ಕಂಡವರು ನೀವು, ಹೇಳಬೇಕಾದವರೂ ನೀವೇ. ಅದನ್ನೂ ರಿಪೋರ್ಟ್ ಬರೆಯುವ ವಾರದಲ್ಲಿ ಹೇಳಿ ಪ್ರಯೋಜನ ಇಲ್ಲ. ತಿದ್ದಿಕೊಳ್ಳುವುದಕ್ಕೆ ತಿಂಗಳುಗಳು ಕೈಯಲ್ಲಿರುವಾಗ ಹೇಳಬೇಕು.

ಎರಡನೆಯದು, ವಾಕಿಂಗ್ ಹೋದಾಗ ಹೇಳಬೇಡಿ. ಅಲ್ಲಿ ಅವರು ಕೇಳಿದ್ದು ತಮ್ಮೂರಿನ ಕಡೆಯವರನ್ನು, ಕಂಪನಿ ಕಮಾಂಡರನ್ನಲ್ಲ. ಆಫೀಸಿಗೆ ಕರೆಯಿರಿ. ಬಾಕಿ ಹವಾಲ್ದಾರರನ್ನೂ ಅದೇ ವಾರ ಒಬ್ಬೊಬ್ಬರನ್ನಾಗಿ ಕರೆಯಿರಿ. ಭಾಷೆ ಹಿಂದಿಯೇ ಇರಲಿ. ಪ್ಲಟೂನ್ ಜೆಸಿಒ ಸಾಬ್ ಜೊತೆಗೆ ಕೂತಿರಲಿ. ನೀವಿಬ್ಬರೇ ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ಮಾತಾಡಿದಿರೋ, ನಾಳೆ ಅವರಿಗೆ ಒಳ್ಳೆ ರಿಪೋರ್ಟ್ ಬಂದರೂ ಕೆಟ್ಟ ಹೆಸರು. ಯೂನಿಟ್ ತುಂಬಾ ಅದೇ ಮಾತು.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಛುಟ್ಟಿಗೆ ಹೋಗುವ ಮುಂಚೆ ಇಂಟರ್ವ್ಯೂ ಇರುತ್ತೆ. ಎಷ್ಟೋ ಸಾಬ್‌ಗಳು ಹೇಗೂ ಎದುರಿಗೆ ನಿಂತಿದ್ದಾನಲ್ಲ ಅಂತ ಆಗಲೇ ಕೊರತೆ ಹೇಳಿ ಕಳಿಸುತ್ತಾರೆ. ಮಾಡಬೇಡಿ. ಆ ಮನುಷ್ಯ ಅದನ್ನು ಊರಿಗೆ ಹೊತ್ತುಕೊಂಡು ಹೋಗುತ್ತಾನೆ. ಹೆಂಡತಿ ಮಕ್ಕಳ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂರುತ್ತಾನೆ. ಏನೂ ತಿದ್ದಿಕೊಳ್ಳುವುದಕ್ಕೆ ಅಲ್ಲಿ ಅವಕಾಶವೂ ಇಲ್ಲ. ವಾಪಸ್ ಬಂದು ಹಾಜರಾದ ಮೇಲೆ ಹೇಳಿ.

ನಾನು ರಾಜಸ್ಥಾನದಲ್ಲಿದ್ದಾಗ ಒಬ್ಬ ಕಂಪನಿ ಕಮಾಂಡರ್ ಇದ್ದರು. ಅವರ ಹತ್ತಿರ ಒಂದು ಡೈರಿ. ಒಬ್ಬೊಬ್ಬ ಎನ್‌ಸಿಒಗೆ (ಹವಾಲ್ದಾರ್, ನಾಯಕ್ ಇಂಥವರಿಗೆ) ಒಂದೊಂದು ಪುಟ. "ಲೈಟ್ ಮೆಷಿನ್ ಗನ್ ಕ್ಲಾಸ್, ಚಾರ್ಟ್ ಇಲ್ಲ, ಮ್ಯಾಗಜೀನ್ ತರಲು ಮಧ್ಯದಲ್ಲಿ ಎದ್ದು ಹೋದರು." "ರಾತ್ರಿ ಮಾರ್ಚ್, ಕಾಲು ಉಳುಕಿದ ಹುಡುಗನ ಪಿಟ್ಟು (ಬೆನ್ನಿನ ಚೀಲ) ತಾವೇ ಹೊತ್ತರು." ಹೀಗೆ ತಾರೀಖಿನ ಸಮೇತ, ಒಳ್ಳೆಯದೂ ಕೆಟ್ಟದ್ದೂ. ಮಾತಾಡಲು ಕರೆದಾಗ ಆ ಪುಟ ತೆಗೆದು ಓದುತ್ತಿದ್ದರು. ನೀನು ಆಲಸಿ ಅಂತ ಅವರು ಯಾರಿಗೂ ಅಂದದ್ದು ನಾನು ಕೇಳಲಿಲ್ಲ. ಇಂಥ ದಿನ ಹೀಗಾಯಿತು, ಯಾಕೆ? ಅಷ್ಟೇ. ಹಾಗೆ ಕೇಳಿದರೆ ವಾದ ಮಾಡುವುದಕ್ಕೆ ಜಾಗ ಇರುವುದಿಲ್ಲ. ನಿಮ್ಮ ಸಿಒ ಬರೆದ ಹೊಂದಾಣಿಕೆಯ ಸಾಲಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಆ ಸಾಬ್ ಇನ್ನೊಂದು ಮಾಡುತ್ತಿದ್ದರು. ನಮ್ಮವರು ಏನು ಹೇಳಿದರೂ "ಜೀ ಸಾಬ್" ಅನ್ನುತ್ತಾರೆ. ಅದು ಒಪ್ಪಿಗೆ ಅಲ್ಲ, ಬಿಟ್ಟರೆ ಸಾಕು ಅಂತ ಅರ್ಥ. ಅವರು ಬಿಡುತ್ತಿರಲಿಲ್ಲ. "ಜೀ ಸಾಬ್ ಇರಲಿ, ಗುರುವಾರದ ಕ್ಲಾಸಿಗೆ ಏನು ತಯಾರಿ ಮಾಡುತ್ತೀರಿ ಹೇಳಿ" ಅನ್ನುತ್ತಿದ್ದರು. ಬುಧವಾರ ಸಂಜೆ ಹೋಗಿ ನೋಡುತ್ತಿದ್ದರು ಕೂಡ. ಹಿಂಜವಡಿ ತಂಗಿ ಹೇಳಿದ ಫಾರ್ಮ್ ಚೆನ್ನಾಗಿಯೇ ಇದೆಯಮ್ಮ. ಆದರೆ ನಮ್ಮಲ್ಲಿ ಒಪ್ಪಲಿಲ್ಲ ಅನ್ನುವ ಕಡೆ ಗುರುತು ಹಾಕುವ ಹವಾಲ್ದಾರ್ ಇನ್ನೂ ಹುಟ್ಟಿಲ್ಲ.

ಇನ್ನು ಲೆಸನ್ ಪ್ಲಾನ್ ನಕಲಿನ ವಿಷಯ. ಇದಕ್ಕೆ ಆಲಸ್ಯ ಅಂತ ಬರೆಯುವ ಮುಂಚೆ ಒಂದು ವಿಚಾರಿಸಿ. ಅವರು ಕನ್ನಡ ಮೀಡಿಯಂ ಇರಬೇಕು. ನಾನೂ ಅದೇ. ಹಿಂದಿ ಮಾತು ರೆಜಿಮೆಂಟಲ್ ಸೆಂಟರ್‌ನಲ್ಲೇ ಬಂದುಬಿಡುತ್ತೆ. ಬರೆಯಲು ಕೂತರೆ ಕೈ ಓಡುವುದಿಲ್ಲ. ಜೂನಿಯರ್‌ಗಳ ಮುಂದೆ ತಪ್ಪು ಕಾಣಬಾರದು ಅಂತ ಇನ್ನೊಬ್ಬರದ್ದು ಎತ್ತಿಕೊಳ್ಳುತ್ತಾರೆ. ನಾನು ಪ್ಲಾನ್ ಅನ್ನು ಮೊದಲು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ. ಆಮೇಲೆ ಎಜುಕೇಶನ್ ಹವಾಲ್ದಾರ್ ಹತ್ತಿರ ಕೂತು ಹಿಂದಿಗೆ ಮಾಡಿಕೊಳ್ಳುತ್ತಿದ್ದೆ. ನಿಮ್ಮವರದೂ ಅದೇ ಕಥೆ ಇದ್ದರೆ ಈ ಒಂದು ವಿಷಯವನ್ನು ಕನ್ನಡದಲ್ಲೇ ಕೇಳಿ. ಹಿಂದಿಯಲ್ಲಿ ಕೇಳಿದರೆ ಹಿಂದಿ ಬರೆಯಲು ಬರುವುದಿಲ್ಲ ಅಂತ ಯಾರು ಹೇಳುತ್ತಾರೆ?

ಫೋರ್ಟ್_ವಕೀಲ, ಮುಂಬಯಿ

ಸರ್, ಮೊದಲು ಒಂದು ಎಚ್ಚರಿಕೆ. ಬಾಗಲಕೋಟೆ, ಕಂಪನಿಯಲ್ಲಿ ಇಬ್ಬರೇ ಕನ್ನಡಿಗರು, ವಾನವಡಿ. ನಿಮ್ಮ ಯೂನಿಟ್‌ನವರು ಯಾರಾದರೂ ಓದಿದರೆ ಅರೆಗಳಿಗೆಯಲ್ಲಿ ಗುರುತು ಸಿಗುತ್ತೆ. ಬದಲಾಯಿಸಿ.

ಕಾನೂನಿನ ಕಡೆ. ಸಿವಿಲ್ ನೌಕರರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2008ರ ದೇವ್ ದತ್ ತೀರ್ಪಿನಲ್ಲಿ ರಿಪೋರ್ಟ್‌ನ ಪ್ರತಿಯೊಂದು ಎಂಟ್ರಿಯನ್ನೂ ಆ ನೌಕರನಿಗೆ ತಿಳಿಸಲೇಬೇಕು ಅಂತ ಹೇಳಿತು. ಬರೀ ಕೆಟ್ಟದ್ದನ್ನಲ್ಲ, ಒಳ್ಳೆಯದನ್ನೂ. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಒಪ್ಪಿತು. ಆದರೆ ದೇವ್ ದತ್ ತೀರ್ಪಿನಲ್ಲೇ ಸೈನ್ಯದ ಅಧಿಕಾರಿಗಳ ಸ್ಥಿತಿ ಬೇರೆ ಅಂತ ಕೋರ್ಟ್ ಹೊರಗಿಟ್ಟಿದೆ. 2006ರ ಮೇಜರ್ ಬಹಾದೂರ್ ಸಿಂಗ್ ತೀರ್ಪು ಅದಕ್ಕೆ ಆಧಾರ. ಅದಕ್ಕೇ ನಿಮಗೆ ಮೇಲಿನ ಎರಡು ಹಂತ ಕಾಣುವುದಿಲ್ಲ.

ರಿಪೋರ್ಟ್‌ನಿಂದ ಅನ್ಯಾಯ ಆಗಿದೆ ಅನ್ನಿಸಿದರೆ 1950ರ ಆರ್ಮಿ ಆಕ್ಟ್‌ನಲ್ಲಿ ದಾರಿ ಇದೆ. ಹವಾಲ್ದಾರರಿಗೆ ಸೆಕ್ಷನ್ 26, ನಿಮ್ಮಂಥ ಆಫೀಸರ್‌ಗಳಿಗೆ 27. ಅಲ್ಲಿ ಆಗದಿದ್ದರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್. 2007ರ ಕಾಯ್ದೆಯದ್ದು, ಇಲ್ಲಿ ಮುಂಬಯಿಯಲ್ಲೇ ಪೀಠ ಇದೆ. ಅಂತಿಮ ಆದೇಶ ಬಂದ 6 ತಿಂಗಳೊಳಗೆ ಬರಬೇಕು. ಅಲ್ಲಿ ಮೊದಲು ಏಳುವ ಪ್ರಶ್ನೆ ಸುಬೇದಾರ್ ಸಾಹೇಬರು ಹೇಳಿದ್ದೇ: ಈ ಕೊರತೆಯನ್ನು ಮುಂಚೆ ಹೇಳಿದ್ದಿರಾ, ದಾಖಲೆ ಎಲ್ಲಿ? ಡೈರಿ ಇರಲಿ. ಅದರ ಜೊತೆಗೆ ಬರವಣಿಗೆಯ ಸಲಹೆಯೂ ಫೈಲ್‌ನಲ್ಲಿರಲಿ.

ಯಾರು ನೋಡ್ತಾರೆ ಬಿಡು ಅಂತ ಬರೆದ ರಿಪೋರ್ಟ್ ಏನಾಗುತ್ತೆ ಅನ್ನುವುದಕ್ಕೆ 2021ರ ನಿತಿಶಾ ತೀರ್ಪು ಓದಿ. ಹೆಚ್ಚಿನ ವಿಭಾಗಗಳಲ್ಲಿ ಶಾರ್ಟ್ ಸರ್ವಿಸ್ (ಕೆಲವೇ ವರ್ಷಗಳ ಸೇವೆಯ) ಮಹಿಳಾ ಅಧಿಕಾರಿಗಳಿಗೆ ಆಗ ಪರ್ಮನೆಂಟ್ ಕಮಿಷನ್‌ನ, ಅಂದರೆ ಕಾಯಂ ಸೇವೆಯ, ದಾರಿಯೇ ಇರಲಿಲ್ಲ. ಹಾಗಾಗಿ ಅವರ ಎಸಿಆರ್‌ಗಳನ್ನು ಉದಾಸೀನವಾಗಿ ಬರೆದಿದ್ದರು. 2020ರಲ್ಲಿ ಬಬಿತಾ ಪುನಿಯಾ ತೀರ್ಪು ಬಂದು ದಾರಿ ತೆರೆಯಿತು. ಆಗ ಅದೇ ಹಳೆಯ ರಿಪೋರ್ಟ್‌ಗಳನ್ನು ತೆಗೆದು ಅಳೆದರು. ಇದು ತಾರತಮ್ಯ ಅಂತ ಕೋರ್ಟ್ ಖಡಾಖಂಡಿತವಾಗಿ ಹೇಳಿತು.

ಖಡಕಿ_ಗುಮಾಸ್ತ

ನಾನು ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರನಾಗಿ ನಿವೃತ್ತನಾದವನು. ವಕೀಲರು ಹೇಳಿದ ದೇವ್ ದತ್ ತೀರ್ಪಾದ ಮೇಲೆ 2009ರಲ್ಲಿ ನಮಗೆ ಆದೇಶ ಬಂತು. ರಿಪೋರ್ಟ್ ಪೂರ್ತಿ ಕೈಗೆ ಕೊಡಬೇಕು, ಆಕ್ಷೇಪಣೆಗೆ 15 ದಿನ. ಹೆಸರೂ ಎಪಿಎಆರ್ ಅಂತ ಬದಲಾಯಿತು. ಆಮೇಲೆ ಏನಾಯಿತು ಗೊತ್ತಾ? ನಾನಿದ್ದ ಆಫೀಸಿನಲ್ಲಂತೂ ಮದುವೆ ಮನೆಯಲ್ಲಿ ಹೋಳಿಗೆ ಬಡಿಸಿದ ಹಾಗೆ ಎಲ್ಲರ ಎಲೆಗೂ ವೆರಿ ಗುಡ್ ಬಿತ್ತು. ಕಡಿಮೆ ಬರೆದರೆ ಅರ್ಜಿ ಬರುತ್ತೆ, ಅದಕ್ಕೆ ಉತ್ತರ ಬರೆಯಬೇಕು, ಯಾರಿಗೆ ಬೇಕು? ಕಾಗದ ಕೈಗೆ ಸಿಕ್ಕಿತು. ಎದುರಿಗೆ ಕೂರಿಸಿಕೊಂಡು ಮಾತಾಡಿದ ಸಾಹೇಬರನ್ನು ಮಾತ್ರ ನಾನು ನೋಡಲೇ ಇಲ್ಲ.

ಹುಬ್ಬಳ್ಳಿ_ಮೇಜರ್

ವಕೀಲರೇ, ಊರು ಮತ್ತು ಜಾಗ ಬದಲಾಯಿಸಿ ಹಾಕುತ್ತೇನೆ, ಥ್ಯಾಂಕ್ಸ್.

ಸುಬೇದಾರ್ ಸಾಬ್, ನೀವು ಹೇಳಿದ ಹಾಗೆ ಎಲ್ಲಾ ಹವಾಲ್ದಾರರನ್ನೂ ಕರೆದೆ. ಇವರ ಸರದಿ ಬಂದಾಗ ಲೆಸನ್ ಪ್ಲಾನ್ ಮಾತೊಂದನ್ನು ಕನ್ನಡದಲ್ಲಿ ಕೇಳಿದೆ. ನಿಮ್ಮ ಊಹೆ ಅರ್ಧ ಸರಿ. ಬರೆಯುವುದು ಕಷ್ಟ ಅಂತ ಒಪ್ಪಿಕೊಂಡರು. ಆದರೆ ನಕಲು ಮಾಡಿದ್ದನ್ನು ಒಮ್ಮೆಯಾದರೂ ಓದಿಕೊಂಡು ಬರಬಹುದಿತ್ತಲ್ಲ ಅಂದಾಗ ಉತ್ತರ ಇರಲಿಲ್ಲ. ಎಜುಕೇಶನ್ ಹವಾಲ್ದಾರ್ ಜೊತೆ ಕೂರಲು ವ್ಯವಸ್ಥೆ ಮಾಡಿದ್ದೇನೆ.

ಬಾಯಿ ಜೋರು ಅನ್ನುವ ಮಾತಿಗೆ ಮಾತ್ರ ಸಿಟ್ಟು ಬಂತು. "ನಮ್ಮನ್ನೂ ಹಿಂಗ ಬೈದ ಕಲಿಸ್ಯಾರ್ರೀ ಸಾಬ್" ಅಂದರು. ಅದೂ ಜೆಸಿಒ ಸಾಬ್ ಎದುರಿಗೆ, ಕನ್ನಡದಲ್ಲಿ. ಜೆಸಿಒ ಸಾಬ್ ನನ್ನ ಮುಖ ನೋಡಿದರು. ಆಮೇಲಿಂದ ಹವಾಲ್ದಾರರು ನನ್ನ ಜೊತೆ ಹಿಂದಿಯಲ್ಲೇ ಮಾತಾಡುತ್ತಿದ್ದಾರೆ.

ದಿಘಿ_ಸುಬೇದಾರ್

ಅವರು ಅಂದದ್ದು ಏನು ಅಂತ ಜೆಸಿಒ ಸಾಬ್‌ಗೆ ಅವತ್ತೇ ಹಿಂದಿಯಲ್ಲಿ ಹೇಳಿದಿರಾ? ಹೇಳದಿದ್ದರೆ ಇವತ್ತು ಹೇಳಿ, ಇಲ್ಲದಿದ್ದರೆ ಅವರು ತಮಗೆ ತೋಚಿದ್ದನ್ನು ಊಹಿಸಿಕೊಳ್ಳುತ್ತಾರೆ.

ಸಿಟ್ಟಿಗೆ ಹೆದರಬೇಡಿ. ಸಿಟ್ಟು ಬಂತು ಅಂದರೆ "ಜೀ ಸಾಬ್"ಗಿಂತ ಎಷ್ಟೋ ವಾಸಿ, ಮಾತು ಒಳಗೆ ಹೋಗಿದೆ. ಆದರೆ ಬೈದು ಕಲಿಸ್ಯಾರೆ ಅನ್ನುವುದಕ್ಕೆ ನೀವು ಭಾಷಣ ಮಾಡಲು ಹೋಗಬೇಡಿ. ರೇಂಜ್ ಮೇಲೆ ತೀರಾ ಹಿಂದೆ ಬಿದ್ದಿರುವ ಇಬ್ಬರು ಹುಡುಗರನ್ನು ಅವರಿಗೇ ಒಪ್ಪಿಸಿ. ಮುಂದಿನ ಫೈರಿಂಗ್‌ಗೆ ಇವರಿಬ್ಬರನ್ನು ಪಾಸ್ ಮಾಡಿಸಿ ಕೊಡಿ ಅನ್ನಿ. ಬೈದು ಆಗುತ್ತೋ ಬೈಯದೆ ಆಗುತ್ತೋ ಅವರೇ ನೋಡಿಕೊಳ್ಳಲಿ. ನೀವು ದೂರದಿಂದ ನೋಡಿ, ಕಂಡದ್ದನ್ನು ತಾರೀಖು ಹಾಕಿ ಬರೆಯಿರಿ. ರಿಪೋರ್ಟ್‌ಗೆ ಕೂತಾಗ ಆ ಪುಟದಲ್ಲಿ ಏನಿದೆಯೋ ಅಷ್ಟನ್ನೇ ಬರೆಯಿರಿ, ಕನ್ನಡದವರು ಅಂತ ಒಂದು ಗೆರೆ ಜಾಸ್ತಿಯೂ ಬೇಡ, ಹಿಂದಿಯಲ್ಲಿ ಮಾತಾಡಿದರು ಅಂತ ಒಂದು ಗೆರೆ ಕಮ್ಮಿಯೂ ಬೇಡ.