ಸಹಾಯ ಬೇಕು: ಪ್ರತಿದೀಪ್ತಿ ಪಾಠಕ್ಕೆ ಯಾವ ಟಾರ್ಚ್, ಯಾವ ಫಿಲ್ಟರ್?

ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿ ಮಕ್ಕಳಿಗೆ ನೇರಳಾತೀತ ಬೆಳಕು ಮತ್ತು ಪ್ರತಿದೀಪ್ತಿಯನ್ನು (ಅಂಥ ಬೆಳಕು ಬಿದ್ದಾಗ ವಸ್ತು ಅದನ್ನು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವುದು) ಅವರ ಕೈಯಿಂದಲೇ ಮಾಡಿಸಿ ಕಲಿಸಬೇಕೆಂದಿದ್ದೇನೆ. ಹೈಲೈಟರ್ ಪೆನ್ನು, ಬಟ್ಟೆ ಸೋಪಿನ ಪುಡಿ, ಟಾನಿಕ್ ವಾಟರ್ ಜೋಡಿಸಿಟ್ಟಿದ್ದೇನೆ. ಸ್ಪಿರಿಟ್‌ನಲ್ಲಿ ಅರೆದ ಹಸಿರು ಸೊಪ್ಪಿನ ರಸವೂ ಇದೆ. ಹಸಿರು ದ್ರವ ಕೆಂಪಗೆ ಹೊಳೆಯುವುದೇ ನನ್ನ ಪ್ರಕಾರ ಇಡೀ ಪಾಠದ ಜೀವ.

ತೊಡಕು ಟಾರ್ಚಿನದು. ನಮ್ಮಲ್ಲಿರುವುದು 395 ನ್ಯಾನೋಮೀಟರ್ ತರಂಗಾಂತರದ್ದು. ಅದರ ಜೊತೆ ಕಣ್ಣಿಗೆ ಕಾಣುವ ನೇರಳೆ ಬೆಳಕೂ ಧಾರಾಳವಾಗಿ ಬರುವುದರಿಂದ ಬಿಳಿ ಗೋಡೆಯನ್ನೂ ಮಕ್ಕಳು "ಹೊಳೀತಿದೆ ಮಿಸ್" ಅನ್ನುತ್ತಾರೆ. ಬರೀ ಪ್ರತಿಫಲನ ಯಾವುದು, ಪ್ರತಿದೀಪ್ತಿ ಯಾವುದು ಎಂದು ಅವರೇ ಕಂಡುಕೊಳ್ಳಬೇಕು, ನಾನು ಹೇಳಬಾರದು. ಹಳದಿ ಪಾರದರ್ಶಕ ಹಾಳೆಯ ಮೂಲಕ ನೋಡಿಸಿದರೆ ನೇರಳೆ ಸೋಸಿಹೋಗುತ್ತದೆ, ಸರಿ. ಆದರೆ ಸೋಪಿನ ಪುಡಿ, ಟಾನಿಕ್ ವಾಟರ್‌ಗಳ ನೀಲಿಯೂ ಮಂಕಾಗುತ್ತದಲ್ಲ? ಯಾರಾದರೂ 365 ನ್ಯಾನೋಮೀಟರ್ ಟಾರ್ಚನ್ನು ಕಾಣುವ ಬೆಳಕನ್ನು ತಡೆಯುವ ಕಪ್ಪು ಗಾಜಿನ ಫಿಲ್ಟರ್ ಸಮೇತ ತರಗತಿಯಲ್ಲಿ ಬಳಸಿದ್ದೀರಾ? ಅದರ ಬೆಳಕು ಹೆಚ್ಚು ಕಾಣದ ಕಾರಣ ಮಕ್ಕಳು ನೇರವಾಗಿ ನೋಡಿಬಿಡುವ ಭಯ. ನೇರಳಾತೀತ ತಡೆಯುವ ಕನ್ನಡಕ ಹಾಕಿಸುವುದಂತೂ ಖಚಿತ, ಬೇರೇನು ಎಚ್ಚರಿಕೆ ವಹಿಸಿದಿರಿ?

ಗಾಜಿಗೆ ಸನ್‌ಸ್ಕ್ರೀನ್ ಸವರಿ, ಅದು ನೇರಳಾತೀತವನ್ನು ತಡೆದು ಹೊಳೆಯುವ ವಸ್ತುವಿನ ಮೇಲೆ ಬೀಳಿಸುವ ನೆರಳು ತೋರಿಸುವ ಪ್ರಯೋಗ 395ರಲ್ಲಿ ಸ್ಪಷ್ಟವಾಗಿ ಬರುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ಫೋಟೋ ಹಾಕಿ.